ಅರ್ಧ ಮುಯ್ಯಿ

ಮಸ್ಕಿ,
ಯುವ ನಾಮ ಸಂವತ್ಸರ, ಶ್ರಾವಣ ಶುದ್ಧ ದಶಮಿ

ಚಿರಂಜೀವಿ ಅಳಿಯ ಬಸವಂತನಿಗೆ,

ಜಪಾನಿನವರು ರಷ್ಯಾದವರ ಹಡಗು ಮುಳುಗಿಸಿ ಗೆದ್ದರಲ್ಲ, ಆ ಯುದ್ಧದ ಯುಕ್ತಿ ಹೋದದ್ದು ಮಸ್ಕಿಯಿಂದ, ಹೇಳಿಕೊಟ್ಟವ ನಾನು. ಆಗ ನನಗ ಮೀಸಿ ಸಹಿತ ಸರಿಯಾಗಿ ಬಂದಿದ್ದಿಲ್ಲ. ರಾಯಚೂರಿನ ಹತ್ತಿ ಅರಳಿ ಪ್ರೆಸ್ಸಿಗೆ ಒಬ್ಬ ಜಪಾನಿ ದಲಾಲ ಬಂದು ಮಾರಿ ಸಣ್ಣದು ಮಾಡಿಕೊಂಡು ಕೂತಿದ್ದ. ಏನಾತಪ್ಪಾ ಅಂತ ಕೇಳಿದರ, ಊರಾಗ ಯುದ್ಧ ನಡದೈತಿ ಅಂದ. ಅವರು ಉದ್ದಕ ಸಾಲು ಹಿಡಿದು ಬಂದರ ನೀವು ಅಡ್ಡಕ ನಿಂದರ್ರಿ, ನಮ್ಮ ಹಳ್ಳದಾಗ ಮೀನು ಹಿಡಿಯೋದು ಹಂಗ, ಅಂತ ಹೇಳಿದೆ. ಅವ ಅವತ್ತ ತಾರು ಕೊಟ್ಟ. ಮುಂದಿನದು ನಿನ್ನ ಪುಸ್ತಕದಾಗ ಇದ್ದೀತು. ನನ್ನ ಹೆಸರು ಇಲ್ಲದಿದ್ದರ ಅದು ಬರೆದವರ ಸಣ್ಣತನ.

ಇದನ್ನು ಯಾಕ ಬರೆಯಾಕತ್ತೀನಿ ಅಂದ್ರ, ನೀನು ಈ ವರ್ಷ ಯುನಿವರ್ಸಿಟಿಯಲ್ಲಿ ಜಪಾನಿನ ಜನರ ರೀತಿ ರಿವಾಜಿನ ಮೇಲೆ ದೊಡ್ಡ ಪ್ರಬಂಧ ಬರೆಯುತ್ತೇನೆಂದು ತಿಳಿಸಿದ್ದಿ. ಸಂತೋಷ. ಆದರೆ ಅದೇ ಕಾಗದದಲ್ಲಿ, ನಿಜಾಮರ ಮುಲ್ಕಿನಲ್ಲಿ ಜಪಾನ ಬಲ್ಲವರು ಗಿರಿಧರರಾವ ಪ್ರೊಫೆಸರರು ಒಬ್ಬರೇ ಎಂದು ಬರೆದಿದ್ದಿ. ಅದನ್ನು ನಾನು ನಿಮ್ಮವ್ವನ ಮುಂದ ಅಂಗಡಿ ಕಟ್ಟಿಮ್ಯಾಲ ಕೂತು ಗಟ್ಟಿಯಾಗಿ ಓದಬೇಕಾತು. ಎದುರಿನ ಬಳೆ ಅಂಗಡಿಯ ಜಮೀಲಾಬೀ ಕೇಳಿಸಿಕೊಂಡು, "ಅಮರಗುಂಡಣ್ಣ, ನೀ ಜಪಾನಿಗೆ ಬುದ್ಧಿ ಹೇಳಿದ್ದು ನಿನ್ನ ಅಳಿಯಗ ಗೊತ್ತಿಲ್ಲೇನು?" ಅಂದಳು. ಗಿರಾಕಿಗಳು ನಕ್ಕರು.

ಆ ಪ್ರೊಫೆಸರ ಮೂರು ವರ್ಷ ಜಪಾನಿನಲ್ಲಿ ಇದ್ದನಂತೆ. ಇರಲಿ. ನಮ್ಮ ಅಂಗಡ್ಯಾಗ ಜಪಾನಿ ಕನ್ನಡಿ, ಬಾಚಣಿಕಿ, ತಗಡಿನ ಪೀಪಿ ಎಷ್ಟು ವರ್ಷದಿಂದ ಅದಾವ ಅಂತ ಕೇಳು ಅವನಿಗೆ. ಒಂದು ಜನದ ಗುಣ ಅವರು ಮಾಡಿದ ಸಾಮಾನಿನಾಗ ಕಾಣತೈತಿ. ಕನ್ನಡಿ ಚಲೋ, ಹಿಂದಿನ ಬಣ್ಣ ಹಗುರ.

ನಿನಗೆ ಮರಳಿನಾಗ ಓಂ ನಾಮ ತಿದ್ದಿಸಿದವ ನಾನು. ನಿಮ್ಮಪ್ಪ ತೀರಿಕೊಂಡಾಗ ನೀನು ತೊಟ್ಟಿಲದಾಗ ಇದ್ದಿ. ಲಿಂಗಸುಗೂರಿನ ಸಾಲಿಗೆ ಹಾಕಿದಾಗ ಹಳ್ಳ ಬಂದರ ಹೆಗಲಮ್ಯಾಲ ಹೊತ್ತು ದಾಟಿಸಿದವ ನಾನು. ಇದನ್ನು ಹೇಳಿ ತೋರಿಸೋ ಮನಷ್ಯಾ ನಾನಲ್ಲ. ಪ್ರೊಫೆಸರನಿಗೆ ಮಾತ್ರ ಒಮ್ಮೆ ಹೇಳು.

ನಿನ್ನ ಸೋದರಮಾವ,
ಅಮರಗುಂಡಪ್ಪ

*

ಹೈದರಾಬಾದು,
20 ಆಗಸ್ಟ್ 1935

ತೀರ್ಥರೂಪ ಸಮಾನರಾದ ಮಾವನವರಿಗೆ ಬಸವಂತನ ನಮಸ್ಕಾರಗಳು.

ನಿಮ್ಮ ಯುದ್ಧದ ಯುಕ್ತಿಯನ್ನು ಪ್ರೊಫೆಸರ್ ಸಾಹೇಬರಿಗೆ ಹೇಳಿದೆ. ಅವರು ಬಹಳ ಹೊತ್ತು ನಕ್ಕು, ಇಂಥ ಮಾವ ನನಗಿದ್ದರೆ ನಾನು ಜಪಾನಿಗೆ ಹೋಗುವ ಕೆಲಸವೇ ಇರಲಿಲ್ಲ ಎಂದರು. ಅವರು ಒಳ್ಳೆಯವರು ಮಾವ. ಹಾಸ್ಟೆಲಿನ ಗದ್ದಲದಲ್ಲಿ ಓದಲಾಗುವುದಿಲ್ಲವೆಂದು ತಮ್ಮ ಮನೆಯಲ್ಲೇ ನನಗೊಂದು ಕೋಣೆ ಬಿಟ್ಟುಕೊಟ್ಟಿದ್ದಾರೆ. ಹೆಂಡತಿ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಊಟಕ್ಕೆ ಇಬ್ಬರೇ ಕೂಡುತ್ತೇವೆ.

ಜಪಾನಿನ ಬಗ್ಗೆ ಓದುತ್ತ ಹೋದಂತೆ ನಮ್ಮ ಊರೇ ಮತ್ತೆ ಮತ್ತೆ ನೆನಪಾಗುತ್ತದೆ. ಅಲ್ಲಿ ಯಾರೂ ಇನ್ನೊಬ್ಬರ ಮನೆಗೆ ಬರಿಗೈಲಿ ಹೋಗುವುದಿಲ್ಲ. ತಂದದ್ದನ್ನು ಬಟ್ಟೆಯಲ್ಲಿ ಕಟ್ಟಿ ಎರಡೂ ಕೈಯಿಂದ ಕೊಡುತ್ತಾರೆ. ತೆಗೆದುಕೊಂಡವರು ಕೊಟ್ಟವರ ಎದುರಿಗೆ ಗಂಟು ಬಿಚ್ಚುವುದಿಲ್ಲ. ಮುಖ್ಯವಾದದ್ದೆಂದರೆ, ತೆಗೆದುಕೊಂಡವರು ತಿರುಗಿ ಏನಾದರೂ ಕೊಡಲೇಬೇಕು. ಕೊಡದಿದ್ದರೆ ತಲೆ ಎತ್ತಿ ಓಡಾಡುವಂತಿಲ್ಲ. ಪ್ರೊಫೆಸರ್ ಸಾಹೇಬರು ಇಲ್ಲಿಗೆ ಬಂದ ಮೇಲೂ ಈ ಪದ್ಧತಿ ಬಿಟ್ಟಿಲ್ಲ. ಹಾಲಿನವಳು ಹಬ್ಬಕ್ಕೆ ಎರಡು ಬಾಳೆಹಣ್ಣು ಕೊಟ್ಟರೂ ತಿರುಗಿ ಏನೋ ಕಳಿಸುತ್ತಾರೆ. ನನ್ನ ಪ್ರಬಂಧದ ದೊಡ್ಡ ಭಾಗ ಇದರ ಮೇಲೆಯೇ.

ಇನ್ನೊಂದು ಮಾತು. ಪ್ರಬಂಧ ಚೆನ್ನಾಗಿ ಬಂದರೆ ಸರಕಾರದ ವಿದ್ಯಾರ್ಥಿವೇತನಕ್ಕೆ ನನ್ನ ಹೆಸರು ಕಳಿಸುತ್ತೇನೆಂದಿದ್ದಾರೆ. ಸಿಕ್ಕರೆ ಎರಡು ವರ್ಷ ಜಪಾನಿನಲ್ಲಿ ಓದುವುದು. ಅವ್ವನಿಗೆ ಈಗಲೇ ಹೇಳಬೇಡಿ. ನಾನೇ ಬಂದು ಹೇಳುತ್ತೇನೆ.

ನಿಮ್ಮ ಅಳಿಯ,
ಬಸವಂತ

*

ಮಸ್ಕಿ,
ಭಾದ್ರಪದ ಶುದ್ಧ ಚೌತಿ

ಚಿರಂಜೀವಿ ಬಸವಂತನಿಗೆ,

ನಿನ್ನ ಕಾಗದವನ್ನು ನಿಮ್ಮವ್ವ ಅಂಬಮ್ಮನ ಮುಂದೆ ಓದುವಾಗ ಇನ್ನೊಂದು ಮಾತು ಅನ್ನೋ ಸಾಲು ಬಂದ ಕೂಡಲೆ ಕೆಮ್ಮು ತೆಗೆದು, "ಎಲ್ಲರಿಗೂ ನಮಸ್ಕಾರ" ಅಂತ ಮುಗಿಸಿದೆ. ಆಕಿ ನನ್ನ ಮಾರಿ ನೋಡಿದಳು.

ಎರಡು ವರ್ಷ. ಹೋದವರು ಎರಡು ವರ್ಷಕ್ಕೆ ಬರೋದು ನೀನು ಎಲ್ಲಿ ನೋಡಿದಿ? ಹಟ್ಟಿಯ ಬಂಗಾರದ ಗಣಿಗೆ ಮೂರು ತಿಂಗಳ ಕೂಲಿಗೆ ಅಂತ ಹೋದವರು, ಗಣಿ ಮುಚ್ಚಿದ ಮ್ಯಾಲೂ ಅಲ್ಲೇ ಕಂಪನಿ ಮನಿ ಹಿಡಿದು ಕೂತಾರ. ಹಟ್ಟಿ ಅಂದ್ರ ಇಲ್ಲೇ ಮಗ್ಗಲದಾಗ ಐತಿ. ಜಪಾನು ಎಲ್ಲೈತಿ?

ಅವನಿಗೆ ಮಕ್ಕಳಿಲ್ಲ. ನನಗೂ ಇಲ್ಲ. ಅವನು ಕೋಣೆ ಬಿಟ್ಟುಕೊಟ್ಟಾನ, ಊಟಕ್ಕ ಇಬ್ಬರೇ ಕೂಡತೀರಿ. ನಿಮ್ಮತ್ತಿ ಅಯ್ಯಮ್ಮ ನೀನು ಹೋದಾಗಿನಿಂದ ನಿನ್ನ ತಾಟು ಕೆಳಗ ಇಳಿಸಿಲ್ಲ, ಗ್ವಾಡಿಗೆ ಆನಿಸಿ ಇಟ್ಟಾಳ. ಇದನ್ನು ಸುಮ್ಮನೆ ಬರೆದೆ.

ಇರಲಿ. ನೀನು ಜಪಾನಿನದು ಅಂತ ಬರೆದ ರಿವಾಜು ನಮ್ಮದು. ನಾವು ಇದಕ್ಕೆ ಮುಯ್ಯಿ ಅಂತೀವಿ. ನಿನಗ ಮರತೈತಿ, ಹೈದರಾಬಾದಿನ ನೀರು. ಅವರ ಮನಿ ಮದುವ್ಯಾಗ ನಾವು ಒಂದು ಕುಬಸ ಮಾಡಿದರ, ನಮ್ಮನಿ ಮದುವ್ಯಾಗ ಅವರು ಕುಬಸದ ಜೋಡಿ ಒಂದು ಕಾಯಿ ಹೆಚ್ಚಿಗೆ ಇಡಬೇಕು. ಕೊಟ್ಟದ್ದಕ್ಕಿಂತ ಹೆಚ್ಚು ಕೊಟ್ಟರ ಮುಯ್ಯಿ ತೀರಿತು. ಕೊಡಲಿಕ್ಕೆ ಆಗಲಿಲ್ಲವೋ, ಕೊಟ್ಟವರು ಬಾಯಿ ಬಿಟ್ಟು ಕೇಳಿದ್ದನ್ನು ಇಲ್ಲ ಅನ್ನೋಹಂಗಿಲ್ಲ. ಸಾಲಗುಂದದ ಗೌಡ ಮುಯ್ಯಿ ತೀರಿಸಲಾಗದೆ ತಾನು ಒಲ್ಲೆ ಅಂದ ಬೀಗತನಕ್ಕೆ ಹೂಂ ಅಂದದ್ದು ನಿನಗ ಗೊತ್ತೈತಿ.

ನಿಮ್ಮ ಪ್ರೊಫೆಸರಗ ತಿರುಗಿ ಕೊಡೋ ರಿವಾಜು ಐತಿ ಅಂದಿ. ಬಹಳ ಚಲೋ ಆತು. ಇವತ್ತು ಅರಿವಿ ವ್ಯಾಪಾರದ ಗದ್ದೆಪ್ಪ ಹೈದರಾಬಾದಿಗೆ ಹೊಂಟಾನ. ಅವನ ಕೈಯಾಗ ಒಂದು ದೊಡ್ಡ ಡಬ್ಬಿ ತುಪ್ಪ ಕಳಿಸೀನಿ. ಬಟ್ಟೆಯಲ್ಲಿ ಕಟ್ಟಿಸೀನಿ, ಎರಡೂ ಕೈಯಿಂದ ಕೊಡು ಅಂತ ಗದ್ದೆಪ್ಪಗ ತಾಕೀತು ಮಾಡೀನಿ. ಅವನು ತೀರಿಸಲಿ, ನಾನು ಮತ್ತ ಹೇರತೀನಿ. ಎಷ್ಟು ಹೇರತೀನಿ ಅಂದ್ರ, ಅವನು ಕೈಮುಗಿದು, ಏನು ಬೇಕು ಕೇಳ್ರಿ ಅನ್ನಬೇಕು. ಆಗ ಕೇಳತೀನಿ. ಏನು ಕೇಳತೀನಿ ಅಂತ ನಿನಗ ಬಿಡಿಸಿ ಹೇಳಬೇಕಿಲ್ಲ.

ನಿನ್ನ ಮಾವ, ಮೊದಲಿಂದ ಇದ್ದವ,
ಅಮರಗುಂಡಪ್ಪ

*

ಹೈದರಾಬಾದು,
22 ಸಪ್ಟೆಂಬರ್ 1935

ಮಾವನವರಿಗೆ ನಮಸ್ಕಾರಗಳು.

ತುಪ್ಪ ತಲುಪಿತು. ಗದ್ದೆಪ್ಪಣ್ಣ ಎರಡೂ ಕೈಯಿಂದ ಕೊಟ್ಟು, ಬಾಗಿ, ಬಾಗಿದ್ದನ್ನು ಎಲ್ಲಿ ನಿಲ್ಲಿಸಬೇಕೋ ತಿಳಿಯದೆ ಹೊಸ್ತಿಲಿಗೆ ಹಣೆ ಬಡಿಸಿಕೊಂಡ. ಪ್ರೊಫೆಸರ್ ಸಾಹೇಬರಿಗೆ ಬಹಳ ಸಂತೋಷವಾಯಿತು. ಈ ಕಾಗದದ ಜೊತೆಗೆ ಗದ್ದೆಪ್ಪಣ್ಣನ ಕೈಯಲ್ಲಿ ಅವರ ಕಡೆಯಿಂದ ನಿಮಗೆ ಒಂದು ಜಪಾನಿ ಬೀಸಣಿಗೆ ಮತ್ತು ಹಸಿರು ಚಹಾದ ಡಬ್ಬಿ ಬರುತ್ತಿದೆ. ತುಪ್ಪದ ಬೆಲೆಯನ್ನು ನನ್ನಿಂದ ಕೇಳಿ ತಿಳಿದು, ಸರಿಯಾಗಿ ಅದರ ಅರ್ಧದಷ್ಟನ್ನು ಆರಿಸಿ ಕಳಿಸಿದ್ದಾರೆ. ಅದೇ ಅಲ್ಲಿಯ ಪದ್ಧತಿ.

ದಯಮಾಡಿ ಇನ್ನೇನೂ ಕಳಿಸಬೇಡಿ. ನೀವು ಹೋದ ಕಾಗದದಲ್ಲಿ ಬರೆದದ್ದು ತಮಾಷೆಗೆ ಎಂದು ತಿಳಿದಿದ್ದೇನೆ.

ನಿಮ್ಮ ಅಳಿಯ,
ಬಸವಂತ

*

ಮಸ್ಕಿ,
ಆಶ್ವೀಜ ಶುದ್ಧ ದಶಮಿ, ಬನ್ನಿಯ ದಿವಸ

ಚಿರಂಜೀವಿ ಬಸವಂತರಾಯರಿಗೆ,

ಈಗ ರಾಯರೆನ್ನಬೇಕಲ್ಲ ನಿಮಗೆ.

ಅರ್ಧ. ನನ್ನ ತುಪ್ಪಕ್ಕೆ ಅರ್ಧ. ಅದನ್ನು ನೀನು ಹೆಮ್ಮೆಯಿಂದ ಬ್ಯಾರೆ ಬರೆದಿದ್ದಿ. ನಮ್ಮೂರಾಗ ಒಬ್ಬನು ಮುಯ್ಯಿಗೆ ಅರ್ಧ ತಿರುಗಿಸಿದರ ಅದಕ್ಕ ಏನು ಅರ್ಥ? ನೀ ಕೊಟ್ಟದ್ದು ಅರ್ಧಕ್ಕ ಯೋಗ್ಯ, ನೀನೂ ಅರ್ಧ ಮನಷ್ಯಾ ಅಂತ. ಇದನ್ನು ಯಾರ ಮುಂದೂ ಓದಲಿಲ್ಲ. ತುಪ್ಪಕ್ಕೆ ಎರಡು ಪಟ್ಟು ಬಂತು, ಅದರಾಗ ಅರ್ಧ ದಾರ್ಯಾಗ ಗದ್ದೆಪ್ಪ ತಿಂದ ಅಂತ ಹೇಳೀನಿ. ಗದ್ದೆಪ್ಪ ನನ್ನ ಜೋಡಿ ಮಾತು ಬಿಟ್ಟಾನ.

ಹಸಿರು ಚಾ ಕಾಸಿದೆವು. ಹಾಲು, ಬೆಲ್ಲ, ಶುಂಠಿ ಹಾಕಿ ಅಯ್ಯಮ್ಮ ಚಂದಂಗ ಕುದಿಸಿದಳು. ಕುಡಿದವರೆಲ್ಲ ಮಾರಿ ಮಾರಿ ನೋಡಿಕೊಂಡರು. ಜಮೀಲಾಬೀ ಒಂದು ಗುಟುಕು ನುಂಗಿ, ಜಪಾನಿನ ಮಂದಿ ದನಕ್ಕ ಹಾಕೋದನ್ನ ನಿನ್ನ ಅಳಿಯನ ಗುರು ನಿನಗ ಕಳಸ್ಯಾನ ಅಂದಳು. ಈ ಚಾದ ಗುಣ ಅದು, ನಾನು ಜಪಾನಿಗೆ ಹೇಳಿದ್ದೆ ಹಾಲು ಹಾಕಬ್ಯಾಡ್ರಿ ಅಂತ, ಅಂದೆ. ಬೀಸಣಿಕಿಮ್ಯಾಲ ಒಂದು ಕೊಕ್ಕರಿ ಬರೆದಾರ. ಬೀಸಿಕೊಂಡರ ಗಾಳಿ ಬರತೈತಿ, ಸುಳ್ಳು ಹೇಳಬಾರದು. ಆದರ ಅದನ್ನ ಬೀಸಿಕೊಂಡಾಗೊಮ್ಮೆ ನನಗ ಸೆಕಿ ಹೆಚ್ಚಾಗತೈತಿ.

ಇವತ್ತು ಬನ್ನಿ ಕೊಟ್ಟು ಬಂಗಾರದಂಗ ಇರೋಣು ಅನ್ನೋ ದಿವಸ. ನಿನ್ನ ಪಾಲಿನ ಬನ್ನಿ ಎಲೆ ಈ ಕಾಗದದಾಗ ಇಟ್ಟೀನಿ. ಪ್ರತಿ ವರ್ಷ ನೀನು ಮೊದಲು ನನಗ ಕೊಡತಿದ್ದಿ. ಈ ವರ್ಷ ಯಾರಿಗೆ ಕೊಟ್ಟಿ?

ಒಂದು ದೊಡ್ಡ ಕರಿ ಕಂಬಳಿ, ಒಂದು ಚೀಲ ಶೇಂಗಾ, ರೊಟ್ಟಿಗೆ ಹಚ್ಚಿಕೊಳ್ಳೋ ಶೇಂಗಾ ಹಿಂಡಿ ಒಂದು ಗಡಿಗಿ ಲಾರಿಮ್ಯಾಲ ಹಾಕಿಸೀನಿ. ಇದಕ್ಕೂ ಅರ್ಧ ಕಳಿಸಲಿ ನೋಡೋಣು. ದೀಪಾವಳಿಗೆ ಬಾ. ನಿಮ್ಮವ್ವ ಈಗಲೇ ದಾರಿ ನೋಡಾಕತ್ಯಾಳ.

ನಿನ್ನ ಅರ್ಧ ಮಾವ,
ಅಮರಗುಂಡಪ್ಪ

*

ಹೈದರಾಬಾದು,
19 ಅಕ್ಟೋಬರ್ 1935

ಮಾವನವರಿಗೆ,

ಕಂಬಳಿಗೂ ಶೇಂಗಾಕ್ಕೂ ಪ್ರತಿಯಾಗಿ ಪ್ರೊಫೆಸರ್ ಸಾಹೇಬರು ಎರಡು ಪಿಂಗಾಣಿ ಬಟ್ಟಲು ಕಳಿಸಿದ್ದಾರೆ. ಬೆಲೆ ಕೇಳಬೇಡಿ. ಅರ್ಧವೇ.

ಅರ್ಧ ಎಂದರೆ ಅವಮಾನವಲ್ಲ ಮಾವ. ಪೂರ್ತಿ ತಿರುಗಿಸಿದರೆ, ನಿನ್ನ ಹಂಗು ನನಗೆ ಬೇಡ, ಇಲ್ಲಿಗೆ ಮುಗಿಯಿತು ಎಂದ ಹಾಗೆ. ಏನೂ ತಿರುಗಿಸದಿದ್ದರೆ ಹಂಗನ್ನೇ ಮರೆತ ಹಾಗೆ. ಅರ್ಧ ತಿರುಗಿಸಿದರೆ ಅರ್ಧ ಋಣ ಉಳಿಯುತ್ತದೆ, ಬಂದು ಹೋಗುವುದು ಉಳಿಯುತ್ತದೆ. ನಮ್ಮ ಮುಯ್ಯಿಯಲ್ಲಿ ಹೆಚ್ಚು ಕೊಟ್ಟು ಗೆಲ್ಲುತ್ತೇವೆ. ಅಲ್ಲಿ ಕಡಿಮೆ ಕೊಟ್ಟು ಉಳಿಸಿಕೊಳ್ಳುತ್ತಾರೆ. ಇದನ್ನೇ ಪ್ರಬಂಧದಲ್ಲಿ ಬರೆಯುತ್ತಿದ್ದೇನೆ.

ಆದರೆ ನೀವು ಕೊಡುತ್ತಿರುವುದು ಮುಯ್ಯಿಯೂ ಅಲ್ಲ. ನನ್ನನ್ನು ಬಿಡಿಸಿಕೊಳ್ಳಲು ಒತ್ತೆ ಇಡುತ್ತಿದ್ದೀರಿ. ಕ್ಲಾಸಿನ ಹುಡುಗರಿಗೆ ಸುದ್ದಿ ಗೊತ್ತಾಗಿದೆ. ನಾನು ಒಳಗೆ ಬಂದರೆ, ಇವತ್ತು ಮಸ್ಕಿಯಿಂದ ಏನು ಬಂತು ಎನ್ನುತ್ತಾರೆ. ನನಗೆ ನಾಚಿಕೆಯಾಗುತ್ತದೆ.

ದೀಪಾವಳಿಗೆ ಬರಲಾಗುವುದಿಲ್ಲ. ಬರೆಯುವುದು ಬಹಳ ಉಳಿದಿದೆ. ಅವ್ವನಿಗೆ ನೀವೇ ಹೇಳಿ.

ಬಸವಂತ

*

ಮಸ್ಕಿ,
ಕಾರ್ತಿಕ ಶುದ್ಧ ಪಂಚಮಿ

ಬಸವಂತನಿಗೆ,

ದೀಪಾವಳಿ ಆತು. ನಿಮ್ಮವ್ವ ನಿನ್ನ ಪಾಲಿನ ಎಣ್ಣಿ ಬಟ್ಟಲದಾಗ ತೆಗೆದಿಟ್ಟಿದ್ದಳು. ಸಂಜಿಕ ಅದನ್ನ ದೀಪಕ್ಕ ಹಾಕಿದಳು. ನೀನು ಬರೋದಿಲ್ಲ ಅಂತ ನಾನು ಆಕಿಗೆ ಹೇಳಿದ್ದಿಲ್ಲ. ಹೇಳಾಕ ಆಗಲಿಲ್ಲ.

ನಾಚಿಕಿ ಆಗತೈತಿ ಅಂತ ಬರೆದಿ. ಓದಿದೆ. ನಾನು ಐಗಳ ಮಠದಾಗ ಕಲಿತವ, ಒಂದೊಂದು ಅಕ್ಷರ ಕೂಡಿಸಿ ಓದತೀನಿ. ಆ ಮಾತು ಎರಡು ಸಾರಿ ಕೂಡಿಸಿ ಓದಿದೆ, ಬ್ಯಾರೆ ಏನಾದರೂ ಆದೀತು ಅಂತ. ಆಗಲಿಲ್ಲ.

ನಿನ್ನ ಕಾಗದ ಬರೋದಕ್ಕಿಂತ ಮೊದಲ ನಾನು ಸಿಂಧನೂರ ಸಂತ್ಯಾಗ ಒಂದು ಎಮ್ಮಿ ಹಿಡಿದಿದ್ದೆ. ಕರು ಸಣ್ಣದು, ಇನ್ನೂ ಹಾಲು ಬಿಟ್ಟಿಲ್ಲ. ಸಂತ್ಯಾಗ ಅಂಥಾ ಎಮ್ಮಿ ಇನ್ನೊಂದು ಇದ್ದಿಲ್ಲ, ಕೋಡು ಎರಡು ಸುತ್ತು. ಅದನ್ನ ಗದ್ದೆಪ್ಪ ರಾಯಚೂರಿನಾಗ ವ್ಯಾಗನ್ನಿಗೆ ಹತ್ತಿಸಿ ಹೊಂಟಾನ. ಮಾತು ಬಿಟ್ಟಿದ್ದ, ಎಮ್ಮಿ ನೋಡಿ ಮಾತಾಡಿದ. ಈಗ ತಿರುಗಿಸಿ ಕರೆಸಾಕ ಬರೋದಿಲ್ಲ.

ಬ್ಯಾಸರ ಮಾಡಿಕೋಬ್ಯಾಡ. ಇದು ಕೊನೀದು. ಎಮ್ಮಿಗೆ ಅರ್ಧ ಅವನು ಎಲ್ಲಿಂದ ತರತಾನ ಅಂತ ಅಷ್ಟು ನೋಡಬೇಕು ನನಗ.

ಅಮರಗುಂಡಪ್ಪ

*

ಹೈದರಾಬಾದು,
14 ನವೆಂಬರ್ 1935
ಕಾರ್ಡು

ಮಾವ, ನಾನು ಲೈಬ್ರರಿಯಲ್ಲಿದ್ದಾಗ ಎಮ್ಮೆ ಬಂದಿದೆ. ಪ್ರೊಫೆಸರ್ ಸಾಹೇಬರು ಬಹಳ ಯೋಚಿಸಿ, ಎಮ್ಮೆಯ ಅರ್ಧಕ್ಕೆ ಸಮನಾದ ಜಪಾನಿ ಸಾಮಾನು ಮನೆಯಲ್ಲಿ ಯಾವುದೂ ಇಲ್ಲವೆಂದು, ಇದ್ದದ್ದರಲ್ಲೇ ಅರ್ಧ ತಿರುಗಿಸಿದ್ದಾರೆ. ಎಮ್ಮೆ ಇಟ್ಟುಕೊಂಡು ಕರುವನ್ನು ಗದ್ದೆಪ್ಪಣ್ಣನ ಜೊತೆ ವಾಪಸು ಕಳಿಸಿದ್ದಾರೆ. ಗದ್ದೆಪ್ಪಣ್ಣ ಹೇಳಿದರೂ ಕೇಳಲಿಲ್ಲವಂತೆ. ಎಮ್ಮೆ ಹಾಲು ಇಳಿಸುತ್ತಿಲ್ಲ. ಮೇವು ಮುಟ್ಟುತ್ತಿಲ್ಲ. ಹಗಲೂ ರಾತ್ರಿ ಒದರುತ್ತಿದೆ. ಓಣಿಯವರೆಲ್ಲ ಬಂದು ಹೋದರು. ಕರು ಎಲ್ಲಿದೆ? ಕೂಡಲೇ ಕಳಿಸಿ. ಬಸವಂತ.

*

ಮಸ್ಕಿ,
ಮಾರ್ಗಶಿರ ಶುದ್ಧ ಬಿದಿಗೆ

ಚಿರಂಜೀವಿ ಅಳಿಯ ಬಸವಂತನಿಗೆ ನಿನ್ನ ಮಾವನ ಆಶೀರ್ವಾದ.

ಊರು ಮುಟ್ಟಿದೆ. ಕರು ಕರಕೊಂಡು ನಾನೇ ಹೈದರಾಬಾದಿಗೆ ಬಂದದ್ದು, ಅದನ್ನ ಬಿಟ್ಟು ಹೋದದ್ದು ನೀನು ಕಂಡಿ. ಆದರ ನೀನು ಕಾಲೇಜಿನಿಂದ ಬರೋದಕ್ಕಿಂತ ಮೊದಲು ಆ ಮನ್ಯಾಗ ಏನಾತು ಅಂತ ನಿನಗ ಗೊತ್ತಿಲ್ಲ. ನಾಂಪಲ್ಲಿ ಸ್ಟೇಶನ್ನಿನಾಗ ನೀನು ಕೇಳಿದಾಗ, ಎಮ್ಮಿಗೆ ಹತ್ತಿಕಾಳು ಎಷ್ಟು ಹಾಕಬೇಕು ಅಂತ ಹೇಳಿದೆ ಅಂದೆ. ಅದೂ ಹೇಳಿದೆ. ಉಳಿದದ್ದು ಇಲ್ಲಿ ಬರೀತೀನಿ, ಬಾಯಿಲೆ ಹೇಳಿದ್ದರ ಸುಳ್ಳು ಬೆರೀತಿತ್ತು.

ವಾಡಿಯಾಗ ಗಾಡಿ ಬದಲಿಸುವಾಗಿನಿಂದ ನಾನು ಒಂದು ಮಾತು ಬಾಯಿಪಾಠ ಮಾಡಿಕೊಂತ ಹೋದೆ. ಸಾಹೇಬ್, ನೀವು ನನ್ನ ಮುಯ್ಯಿ ತೀರಿಸಲಾರಿರಿ, ಹುಡುಗನ್ನ ಜಪಾನಿಗೆ ಕಳಸಬ್ಯಾಡ್ರಿ, ಅಂತ. ಉರ್ದುದಾಗ ಒಮ್ಮೆ, ಕನ್ನಡದಾಗ ಒಮ್ಮೆ. ಕರು ಕೇಳಿ ಕೇಳಿ ಅದಕ್ಕೂ ಬಾಯಿಗೆ ಬಂದಿರಬೇಕು.

ಟಾಂಗಾದಿಂದ ಇಳಿದು ಬಾಗಲಿಗೆ ಹೋದೆ. ನಿಮ್ಮ ಪ್ರೊಫೆಸರನೇ ಬಾಗಲು ತೆಗೆದ. ನಾನು ಅವನನ್ನ ಎತ್ತರ, ಕೆಂಪಗ, ಗತ್ತಿನವ ಅಂತ ಮನಸ್ಸಿನಾಗ ಮಾಡಿಕೊಂಡಿದ್ದೆ. ಸಿಟ್ಟು ಮಾಡಾಕ ಅಂಥಾ ಮನಷ್ಯಾ ಬೇಕು. ಇವ ನನ್ನಷ್ಟ ಗಿಡ್ಡ, ಕಣ್ಣಾಗ ನಿದ್ದಿಯಿಲ್ಲ, ಎಮ್ಮಿ ಒದರಿದ್ದಕ್ಕ. ನಾನು ಕೆರ ಬಿಟ್ಟು ಒಳಗ ಹೋದೆ. ಹೊಳ್ಳಿ ನೋಡಿದರ ಅವನು ಬಗ್ಗಿ ನನ್ನ ಕೆರ ಕೈಯಿಂದ ಎತ್ತಿ, ತುದಿ ಓಣಿ ಕಡೆಗೆ ತಿರುಗಿಸಿ ಇಡಾಕತ್ತಿದ್ದ. ನನಗ ಮೈಯೆಲ್ಲಾ ಉರೀತು. ಒಳಗ ಕರೆದು ಕೂಡ್ರಿಸೋದಕ್ಕಿಂತ ಮೊದಲ ಹೊರಗಿನ ದಾರಿ ತೋರಸ್ತಾನಲ್ಲ ಅಂತ, ಬಂದ ದಾರೀಲೆ ಹೋಗ್ತೀನಿ ತಗೋರಿ ಅಂದೆ. ಅವನು ಗಾಬರಿಯಾಗಿ ತಿಳಿಸಿ ಹೇಳಿದ. ಬಂದವರು ಹೋಗುವಾಗ ತಿರುಗಿ ನಿಲ್ಲೋ ತ್ರಾಸು ಆಗಬಾರದು ಅಂತ ಜಪಾನಿನಾಗ ಮನಿಯವರು ಹಂಗ ಇಡತಾರಂತ.

ನಮ್ಮೂರಾಗ ಇನ್ನೊಬ್ಬರ ಕೆರ ಕೈಯಿಂದ ಮುಟ್ಟೋದು ಅಂದ್ರ ಗುರುವಿನದು ಮಾತ್ರ. ಅವನು ನನ್ನದು ಮುಟ್ಟಿದ. ತುಪ್ಪ, ಕಂಬಳಿ, ಎಮ್ಮಿ, ಎಲ್ಲಾ ಅಲ್ಲೇ ಹಗುರಾದವು. ಬಗ್ಗಿ ಎದ್ದಷ್ಟರಾಗ ನನ್ನಮ್ಯಾಲ ಮುಯ್ಯಿ ಹೇರಿಬಿಟ್ಟ. ನನಗ ಮತ್ತಷ್ಟು ಹೊಟ್ಟಿ ಉರೀತು, ಇದು ನನಗ ಯಾಕ ತೋಚಲಿಲ್ಲ ಅಂತ.

ಹಿತ್ತಲಕ್ಕ ಹೋದಿವಿ. ಹಗ್ಗದಮ್ಯಾಲ ನಿನ್ನ ಧೋತರ ಒಣಗಾಕತ್ತಿತ್ತು. ನಿಮ್ಮವ್ವ ಅಂಚು ಹೊಲಿದು ಕೊಟ್ಟದ್ದು, ದೂರಿಂದ ಗುರುತು ಹಿಡಿದೆ. ಅವನ ಧೋತರದ ಮಗ್ಗಲಕ ಹಾಕಿದ್ದಿ. ಆ ಎರಡು ಧೋತರದ ನಡುವ ಹೋಗಿ ನಿಲ್ಲಬೇಕು ಅನಿಸ್ತು ನನಗ, ಈ ವಯಸ್ಸಿನಾಗ.

ಕರು ಬಿಟ್ಟೆ. ಎಮ್ಮಿ ಒದರೋದು ನಿಲ್ಲಿಸಿತು. ಅದರ ಮೂಗು ಮೂಸಿತು, ಬಾಲ ಮೂಸಿತು, ಮತ್ತ ಮೂಸಿತು, ಆಮ್ಯಾಲ ನೆಕ್ಕಾಕ ಹತ್ತಿತು. ಕರು ಕೆಚ್ಚಲಿಗೆ ಗುದ್ದಿ ಗುದ್ದಿ ಕುಡೀತು. ಸ್ವಲ್ಪ ಹೊತ್ತು ಬಿಟ್ಟು ನಾನು ಚರಗಿ ಹಿಡಿದು ಕೂತೆ. ಹಾಲು ಬಂತು. ಪ್ರೊಫೆಸರ ನನ್ನ ಹಿಂದ ನಿಂತಿದ್ದ. ಹಿಂದಿನಿಂದಲೇ ಮಾತು ತೆಗೆದ. ಅವನು ಹೇಳಿದ್ದನ್ನ ನನ್ನ ಕನ್ನಡದಾಗ ಬರೀತೀನಿ.

"ನಿಮ್ಮ ಅಳಿಯ ನನ್ನ ಮನ್ಯಾಗ ಉಣ್ಣತಾನ. ಉಣ್ಣುವಾಗ ನಮ್ಮ ಮಾವನ ಮನಿ ಹಿಂಡಿ ಹಿಂಗಿರತೈತಿ, ಹಂಗಿರತೈತಿ ಅಂತಾನ. ನಾನು ಒಂದು ಪಾಠ ಹೇಳಿದರ, ಇದನ್ನ ನಮ್ಮ ಮಾವ ಹಿಂಗ ಹೇಳತಿದ್ದ ಅಂತಾನ. ನನಗ ಅದನ್ನ ಕೇಳಿ ಕೇಳಿ ಸಾಕಾಗೈತಿ."

ನಾನು ಹಾಲು ಹಿಂಡೋದು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರ ನನ್ನ ಮಾರಿ ಅವನಿಗೆ ಕಾಣತಿತ್ತು. ನೋಡು ಬಸವಂತ, ನಾನು ಶ್ರಾವಣದಿಂದ ಇವನ ಮ್ಯಾಲ ಉರಕೊಂಡಿದ್ದೆ. ಇವನೂ ಅಲ್ಲಿ ಕೂತು ನನ್ನ ಮ್ಯಾಲ ಉರಕೊಂಡಿದ್ದ. ಸುಳ್ಳು ಹೇಳೋದಿಲ್ಲ, ಹೊಟ್ಟಿ ತಣ್ಣಗಾತು.

ಆಮ್ಯಾಲ ಅವನು ನಾನು ಕೇಳಬೇಕು ಅಂತ ಇಷ್ಟು ದಿವಸ ಕಾದ ಮಾತು ತಾನೇ ಆಡಿದ. ಜಪಾನಿನಾಗ ಮೂರು ವರ್ಷ ಇದ್ದೆ, ಯಾರ ಋಣಕ್ಕೂ ಸಿಗಲಿಲ್ಲ, ನಿಮ್ಮ ಋಣ ನನಗ ತೀರಿಸಾಕ ಆಗೋದಿಲ್ಲ, ಕೈ ಸೋತೀನಿ ಅಂದ. ಕೈಮುಗಿದು, "ಅಮರಗುಂಡಪ್ಪನವರೆ, ಏನು ಬೇಕು ಕೇಳ್ರಿ" ಅಂದ.

ವಾಡಿಯಿಂದ ಬಾಯಿಪಾಠ ಮಾಡಿದ ಮಾತು ನಾಲಿಗಿ ತುದಿಗೆ ಬಂತು. ಕೇಳಿದ್ದರ ಅವನು ಇಲ್ಲ ಅಂತಿದ್ದಿಲ್ಲ. ಅವನು ಅಂಥಾ ಮನಷ್ಯಾನೇ. ನಿನ್ನ ಹೆಸರು ಕಳಸತಿದ್ದಿಲ್ಲ. ನೀನು ಪರೀಕ್ಷೆ ಮುಗಿಸಿ ಮಸ್ಕಿಗೆ ಬರತಿದ್ದಿ. ಲಿಂಗಸುಗೂರ ಕಚೇರ್ಯಾಗ ಒಂದು ನೌಕರಿ ಹಿಡೀತಿದ್ದಿ. ದಿನಾ ಸಂಜಿಕ ಅಂಗಡಿ ಕಟ್ಟಿಮ್ಯಾಲ ನನ್ನ ಮಗ್ಗಲಕ ಕೂಡತಿದ್ದಿ. ಕೂತು ಏನು ನೋಡತಿದ್ದಿ? ಜಪಾನಿ ಕನ್ನಡಿ, ಬಾಚಣಿಕಿ. ನನ್ನ ಮಾರಿ ನೋಡತಿದ್ದಿಲ್ಲ. ಅದು ನನಗ ಆ ಹೊತ್ತಿನಾಗ ಹ್ಯಾಂಗ ತಿಳೀತೋ ನನಗ ಗೊತ್ತಿಲ್ಲ.

ಎಮ್ಮೀನೂ ಕರೂನೂ ಬ್ಯಾರೆ ಮಾಡಬ್ಯಾಡ್ರಿ ಅಂದೆ.

ಅಷ್ಟೇನ ಅಂದ. ಅಷ್ಟೇ ಅಂದೆ. ಅಷ್ಟರಾಗ ನೀನು ಬಗಲಾಗ ಪುಸ್ತಕ ಹಿಡಕೊಂಡು ಬಂದಿ, ನನ್ನ ನೋಡಿ ಮೊದಲು ಹೆದರಿದಿ, ಆಮ್ಯಾಲ ಪುಸ್ತಕ ಅಲ್ಲೇ ಹುಲ್ಲಿನಮ್ಯಾಲ ಇಟ್ಟು ಕಾಲಿಗೆ ಬಿದ್ದಿ. ಅವನ ಮುಂದ ಬಿದ್ದಿ. ಅವನು ನೋಡಿದ. ನಾನು ಅವನು ನೋಡೋದನ್ನ ನೋಡಿದೆ. ಏಳು ಅನ್ನಾಕ ಸ್ವಲ್ಪ ತಡ ಮಾಡಿದೆ, ಅದು ಬೇಕಂತಲೇ.

ಹೋಗು. ಹೆಸರು ಬಂದರ ಹೋಗು. ನಿಮ್ಮವ್ವಗ ನಾನೇ ಹೇಳಿದೆ. ನೀನೇ ಹೇಳತೀನಿ ಅಂದಿದ್ದಿ, ಆದರ ನಿನಗಿಂತ ಮೊದಲು ನಾನು ಹೇಳಬೇಕು ಅನಿಸ್ತು, ಅದಕ್ಕೂ ನನ್ನ ಹೊಟ್ಟಿಕಿಚ್ಚು ಅನ್ನು. ಆಕಿ ಹಡಗಿನಾಗ ಎಷ್ಟು ದಿವಸ ಅಂತ ಕೇಳಿದಳು. ಬಹಳ ಅಂದೆ. ಖಡಕ್ ರೊಟ್ಟಿ ಕೆಡೋದಿಲ್ಲ, ಅದನ್ನ ಕಟ್ಟಿ ಕೊಡತೀನಿ ಅಂದು ಒಳಗ ಹೋದಳು. ಒಳಗ ಹೋಗಿ ಬಹಳ ಹೊತ್ತಾತು, ಒಲಿ ಹಚ್ಚಿದ ಸಪ್ಪಳ ಬರಲಿಲ್ಲ. ಜಮೀಲಾಬೀ ಅಂಗಡಿ ಬಿಟ್ಟು ಎದ್ದು ಬಂದು, ನನಗ ಏನೂ ಅನ್ನದ, ಸೀದಾ ಆಕಿ ಹತ್ತಿರ ಹೋಗಿ ಕೂತಳು.

ನನ್ನದೊಂದು ಕರಾರು. ಜಪಾನಿನಿಂದ ಮೊದಲ ಕಾಗದ ನನಗ ಬರಬೇಕು. ಪ್ರೊಫೆಸರಗ ಮರುದಿವಸ ಹಾಕು. ಮೊದಲು ಯಾರಿಗೆ ಬರೆದಿ ಅಂತ ಅವನು ನಿನ್ನ ಕೇಳತಾನ, ನನಗ ಗೊತ್ತೈತಿ ಅವನ ಬುದ್ಧಿ. ನನಗ ಮೊದಲು ಬರೆದದ್ದು ಅಂತ ಅವನಿಗೆ ಗೊತ್ತಾಗೋಹಂಗ ತಾರೀಖು ಹಾಕು.

ಊರಾಗ ನಾನು ಹೇಳಿರೋದು, ಹೈದರಾಬಾದಿನ ಪ್ರೊಫೆಸರ ನನ್ನ ಎಮ್ಮಿ ನೋಡಿ ಮನಸ್ಸು ತಡೀಲಾರದ ಇನ್ನೂರು ರೂಪಾಯಿ ಎಣಿಸಿ ತಗೊಂಡ ಅಂತ. ಗದ್ದೆಪ್ಪ ಕೇಳಿ ಹೂಂ ಅಂದಾನ. ಅಯ್ಯಮ್ಮ ಆ ಇನ್ನೂರು ಎಲ್ಲಿ ಅಂತ ಕೇಳಿದಳು, ಯುನಿವರ್ಸಿಟಿಗೆ ದಾನ ಮಾಡಿ ಬಂದೆ ಅಂದೆ. ನಿನಗ ಮಾತ್ರ ಖರೇ ಹೇಳತೀನಿ, ಯಾರ ಮುಂದೂ ಓದಬ್ಯಾಡ. ತುಪ್ಪ, ಕಂಬಳಿ, ಶೇಂಗಾ, ಎಮ್ಮಿ, ವ್ಯಾಗನ್ನು, ಕರು ಹೋದದ್ದು, ಬಂದದ್ದು, ಮತ್ತ ಹೋದದ್ದು, ಎಲ್ಲಾ ಕೂಡಿ ನನ್ನ ಕೈ ಬಿಟ್ಟದ್ದು ನೂರಾ ಹನ್ನೆರಡು ರೂಪಾಯಿ, ನಿಜಾಮರ ಹಾಲಿ ಸಿಕ್ಕಾ. ಅದರಾಗ ನಿನ್ನ ಹಿಡಿದಿಲ್ಲ.

ನಿನ್ನ ಮಾವ,
ಅಮರಗುಂಡಪ್ಪ